ಬಾಟಲಿ ಮುಚ್ಚಳದ ಸೀಲ್ ರಿಂಗ್: ನೆಕ್‌ ಅಳತೆಯಿಂದ ಡೈ ಟ್ರಯಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಗ್ರಾಹಕ ಮುಚ್ಚಳ ತಿರುಗಿಸುತ್ತಾನೆ. ಟಕಟಕ ಸದ್ದು ಬರಬೇಕು, ರಿಂಗ್ ಬಾಟಲಿಯ ಕುತ್ತಿಗೆಯಲ್ಲೇ ಉಳಿಯಬೇಕು. ಸದ್ದಿಲ್ಲದೆ ರಿಂಗ್ ಸಮೇತ ಮುಚ್ಚಳ ಕೈಗೆ ಬಂದರೆ ಆ ಬಾಟಲಿಗೆ ಸೀಲ್ ಇದ್ದೂ ಇಲ್ಲದ ಹಾಗೆ. ಚಳ್ಳಕೆರೆಯ ಎಣ್ಣೆ ಪ್ಯಾಕಿಂಗ್ ಮಾಡುವವರಿರಲಿ, ದಾವಣಗೆರೆ ಕರೂರು ಕೈಗಾರಿಕಾ ಪ್ರದೇಶದ ಸುತ್ತ ನೀರಿನ ಘಟಕ ನಡೆಸುವವರಿರಲಿ, ಬಹಳ ಮಂದಿ ಪ್ರಿಫಾರ್ಮ್ (ಊದಿ ಬಾಟಲಿ ಮಾಡುವ ಮೊದಲಿನ ಕೊಳವೆ) ಒಂದು ಕಡೆ ತರುತ್ತಾರೆ, ಕ್ಯಾಪ್ ಇನ್ನೊಂದು ಕಡೆ. ಎರಡರ ಮೇಲೂ "28 ಎಂಎಂ" ಅಂತ ಬರೆದಿರುತ್ತದೆ, ಹೊಂದುತ್ತದೆ ಅಂದುಕೊಳ್ಳುತ್ತಾರೆ. ತೊಂದರೆ ಬಹುಪಾಲು ಅಲ್ಲೇ ಶುರು.

ಸೀಲ್ ರಿಂಗ್ ವಿನ್ಯಾಸ ಎರಡು ಪೈಪೋಟಿಗಳ ಮೇಲೆ ನಿಂತಿದೆ. ಒಂದು, ಮುಚ್ಚಳ ತಿರುಗುವಾಗ ಒಳಗಿನ ಸೀಲ್ ಬಿಡುವ ಮೊದಲೇ ರಿಂಗ್ ಕಟ್ ಆಗಬೇಕು. ಎರಡು, ರಿಂಗ್ ಕುತ್ತಿಗೆಯಿಂದ ಜಾರಿ ಹೊರಬರಲು ಬೇಕಾದ ಬಲ, ಅದನ್ನು ಕಟ್ ಮಾಡಲು ಬೇಕಾದ ಬಲಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಬಣ್ಣ, ಲೋಗೊ, ಹೊರಗಿನ ಗೀರು ಎಲ್ಲ ಆಮೇಲಿನ ಮಾತು.

ಹಂತ 1: ಮೊದಲು ನೆಕ್, ಆಮೇಲೆ ಕ್ಯಾಪ್

ಪೆಟ್ ಬಾಟಲಿಯಲ್ಲಿ ಕುತ್ತಿಗೆ ಇಂಜೆಕ್ಷನ್‌ನಲ್ಲೇ ತಯಾರಾಗಿ ಬರುತ್ತದೆ, ಊದುವಾಗ ಅದು ಬದಲಾಗುವುದಿಲ್ಲ. ಹಾಗಾಗಿ ನೆಕ್ ಆಯ್ಕೆ ಅಂದರೆ ಪ್ರಿಫಾರ್ಮ್ ಆಯ್ಕೆ. 28 ಮಿ.ಮೀ. ಗಾತ್ರದಲ್ಲಿ ನಿಮಗೆ ಎದುರಾಗುವುದು ಮುಖ್ಯವಾಗಿ ಎರಡು: ಹಳೆಯ ಪಿಸಿಒ 1810, ಅದಕ್ಕಿಂತ ಗಿಡ್ಡನೆಯ ಪಿಸಿಒ 1881. ಎರಡರಲ್ಲೂ ಬಾಯಿಯ ಒಳವ್ಯಾಸ 21.74 ಮಿ.ಮೀ., ಥ್ರೆಡ್ ಹೊರವ್ಯಾಸ ಸುಮಾರು 27.4. ಆದ್ದರಿಂದ ಕಣ್ಣಳತೆಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಎತ್ತರ ಮತ್ತು ಪಿಚ್‌ನಲ್ಲಿ (ಪಿಚ್ ಅಂದರೆ ಒಂದು ಪೂರ್ತಿ ಸುತ್ತಿಗೆ ಮುಚ್ಚಳ ಏಳುವಷ್ಟು). 1810ರ ಎತ್ತರ ಸುಮಾರು 21 ಮಿ.ಮೀ., ಪಿಚ್ 3.18. 1881ರ ಎತ್ತರ ಸುಮಾರು 17, ಪಿಚ್ 2.7. ಕುತ್ತಿಗೆಯ ತೂಕದಲ್ಲೇ ಒಂದು ಗ್ರಾಂಗೂ ಮೇಲೆ ಉಳಿಯುವುದರಿಂದ ಉದ್ಯಮ 1881ರ ಕಡೆ ವಾಲಿತು.

1810 ಕ್ಯಾಪ್ ಅನ್ನು 1881 ಕುತ್ತಿಗೆಗೆ ಹಾಕಿದರೆ ಮೊದಲ ಸುತ್ತು ಹಿಡಿದಂತೆ ಕಾಣುತ್ತದೆ, ಆಮೇಲೆ ಪಿಚ್ ತಪ್ಪಿ ಬಿಗಿಯುತ್ತದೆ. ಆಪರೇಟರ್ ಬಿಗಿಯಾಯಿತು ಅಂದುಕೊಳ್ಳುತ್ತಾನೆ. ಒಳಗೆ ಸೀಲ್ ಕೂತೇ ಇರುವುದಿಲ್ಲ, ರಿಂಗ್ ಕುತ್ತಿಗೆಯ ಉಬ್ಬಿನ ಕೆಳಗೆ ಸರಿಯಾದ ಜಾಗಕ್ಕೆ ಬಂದಿರುವುದಿಲ್ಲ. ಪ್ರತಿ ಲೋಡ್ ಪ್ರಿಫಾರ್ಮ್ ಬಂದಾಗ ಐದು ತೆಗೆದು ಬಾಯಿಯಿಂದ ಕಾಲರ್‌ವರೆಗೆ (ಕುತ್ತಿಗೆಯ ಬುಡದ ಅಗಲ ಬಳೆ) ವರ್ನಿಯರ್ ಹಿಡಿಯಿರಿ. ಎರಡು ನಿಮಿಷದ ಕೆಲಸ. ಜೊತೆಗೆ ಮಾರಾಟಗಾರರ ಕೈಯಲ್ಲಿ ನೆಕ್ ಡ್ರಾಯಿಂಗ್ ಕೇಳಿ ಪಡೆಯಿರಿ. "28 ಎಂಎಂ" ಅನ್ನುವ ಮಾತು ಡ್ರಾಯಿಂಗ್ ಅಲ್ಲ. ಡ್ರಾಯಿಂಗ್ ಕೊಡದವರ ಪ್ರಿಫಾರ್ಮ್ ನಂಬಿ ಡೈಗೆ (ಕ್ಯಾಪ್ ಅಚ್ಚಿಗೆ) ದುಡ್ಡು ಹಾಕಬೇಡಿ.

ಸೋಡಾ, ಕೋಲಾದಂಥ ಗ್ಯಾಸ್ ಇರುವ ಪಾನೀಯಕ್ಕೆ ಇನ್ನೊಂದು ಶರತ್ತು ಇದೆ: ಥ್ರೆಡ್‌ಗಳ ನಡುವೆ ಗಾಳಿ ಹೋಗಲು ಉದ್ದಕ್ಕೆ ಸೀಳು ಇರಬೇಕು. ಥ್ರೆಡ್ ಇನ್ನೂ ಹಿಡಿದಿರುವಾಗಲೇ ಗ್ಯಾಸ್ ಪೂರ್ತಿ ಹೊರಹೋಗದಿದ್ದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಬರೀ ನೀರಿಗೆ 30/25, 29/25, 26/22ರಂಥ ಇನ್ನೂ ಹಗುರ ನೆಕ್‌ಗಳು ಸಾಕು. ನೀರಿಗೆಂದೇ ಮಾಡಿದ ಅಂಥ ಹಗುರ ನೆಕ್‌ನ ಬಾಟಲಿಯನ್ನು ಗ್ಯಾಸ್ ಪಾನೀಯಕ್ಕೆ ಬಳಸಲೇಬೇಡಿ.

ಹಂತ 2: ಕುತ್ತಿಗೆಯ ಉಬ್ಬು

ಥ್ರೆಡ್‌ನ ಕೆಳಗೆ, ಕಾಲರ್‌ನ ಮೇಲೆ ಒಂದು ಉಬ್ಬು ಇರುತ್ತದೆ. ರಿಂಗ್ ಅನ್ನು ಹಿಡಿದುಕೊಳ್ಳುವುದು ಅದೇ. 28 ಮಿ.ಮೀ. ನೆಕ್‌ನಲ್ಲಿ ಇದರ ವ್ಯಾಸ 28.0 ಮಿ.ಮೀ. ಮೇಲ್ಮುಖ ಇಳಿಜಾರಾಗಿರಲಿ, 30ರಿಂದ 45 ಡಿಗ್ರಿ. ಕ್ಯಾಪ್ ಹಾಕುವಾಗ ರಿಂಗ್ ಜಾರಿಕೊಂಡು ಇಳಿಯಬೇಕು. ಕೆಳಮುಖ ಮಾತ್ರ ಹೆಚ್ಚುಕಡಿಮೆ ಸಮತಟ್ಟಾಗಿರಬೇಕು, ಅಂಚಿನ ದುಂಡುತನ 0.2 ಮಿ.ಮೀ. ದಾಟಬಾರದು. ಡೈ ಸವೆದು ಈ ಅಂಚು ದುಂಡಗಾದರೆ ರಿಂಗ್ ಹತ್ತಿ ಹೊರಬರಲು ನೀವೇ ಮೆಟ್ಟಿಲು ಕಟ್ಟಿಕೊಟ್ಟಂತೆ.

ನೆಕ್ ರಿಂಗ್ ಡೈ ಎರಡು ಹೋಳು. ಹೋಳು ಸೇರುವ ಗೆರೆಯಲ್ಲಿ ತೆಳು ಪದರ ಎದ್ದರೆ ಅದು ಉಬ್ಬಿನ ಮೇಲೂ ಹಾಯುತ್ತದೆ, ಕ್ಯಾಪ್ ಕೂರುವಾಗ ಬ್ರಿಡ್ಜ್‌ಗಳನ್ನು (ಮುಚ್ಚಳಕ್ಕೆ ರಿಂಗ್ ಅನ್ನು ಜೋಡಿಸುವ ತೆಳು ಕೊಂಡಿಗಳು) ಕೊಯ್ಯುತ್ತದೆ. ಲೈನ್‌ನಲ್ಲಿ ರಿಂಗ್ ಒಡೆಯುತ್ತಿದ್ದು, ಒಡೆಯುವ ಜಾಗ ಸದಾ ಎದುರುಬದುರು ಎರಡು ಕಡೆಯಾದರೆ ಕ್ಯಾಪ್ ಅನ್ನು ದೂರಬೇಡಿ, ಈ ಗೆರೆಯ ಮೇಲೆ ಉಗುರು ಎಳೆದು ನೋಡಿ.

ಹಂತ 3: ರಿಂಗ್‌ನ ಹಿಡಿತ

ಎರಡು ದಾರಿ. ರಿಂಗ್‌ನ ಒಳಗೆ ಗಟ್ಟಿ ಏಣು ಕೊಡುವುದು ಒಂದು. ಅದು ಉಬ್ಬಿನ ಮೇಲೆ ಹಿಗ್ಗಿ ದಾಟಬೇಕಾದ್ದರಿಂದ ಒಂದೊಂದು ಬದಿ 0.3–0.4 ಮಿ.ಮೀ. ಹಿಡಿತಕ್ಕಿಂತ ಹೆಚ್ಚು ಕೊಡಲಾಗದು. ಇನ್ನೊಂದು, ರಿಂಗ್‌ನ ತಳದ ಅಂಚನ್ನು ಒಳಕ್ಕೆ ಮೇಲ್ಮುಖವಾಗಿ ಮಡಚಿದ ಫ್ಲ್ಯಾಪ್. ಇಳಿಯುವಾಗ ಫ್ಲ್ಯಾಪ್ ಗೋಡೆಗೆ ಒರಗುತ್ತದೆ, ಉಬ್ಬು ದಾಟಿದ ಮೇಲೆ ಚಿಮ್ಮಿ ಅದರ ಕೆಳಗೆ ಊರುಗೋಲಿನ ಹಾಗೆ ನಿಲ್ಲುತ್ತದೆ. ಒಂದೊಂದು ಬದಿ 0.8–1 ಮಿ.ಮೀ. ಹಿಡಿತ ಸಿಗುತ್ತದೆ, ಮೇಲಕ್ಕೆ ಎಳೆದಷ್ಟೂ ಬಿಗಿಯಾಗುತ್ತದೆ. ಮಡಚುವ ಯಂತ್ರ ಬೇಕು ಅನ್ನುವುದು ಒಂದೇ ಕೊರತೆ. ಮಾರುಕಟ್ಟೆಯಲ್ಲಿ ಮರುತುಂಬಿ ಮಾರುವವರ ಕಾಟ ಇರುವ ಸರಕಿಗೆ ಫ್ಲ್ಯಾಪ್‌ಗಿಂತ ಕಡಿಮೆ ಯಾವುದನ್ನೂ ಒಪ್ಪಬಾರದು.

ಕ್ಯಾಪ್ ಗೋಡೆಗೂ ರಿಂಗ್‌ಗೂ ನಡುವೆ ಬ್ರಿಡ್ಜ್‌ಗಳಿರುತ್ತವೆ. ಎಂಟರಿಂದ ಹನ್ನೆರಡು ಸಾಮಾನ್ಯ. ಹತ್ತು ಬ್ರಿಡ್ಜ್, ಒಂದೊಂದು 0.5 × 0.6 ಮಿ.ಮೀ. ಅಂತಿಟ್ಟುಕೊಳ್ಳಿ. ಒಟ್ಟು ಅಡ್ಡಕೊಯ್ತ 3 ಚದರ ಮಿ.ಮೀ. ಕ್ಯಾಪ್‌ನ ಪ್ಲಾಸ್ಟಿಕ್ ಎಚ್‌ಡಿಪಿಇ (ಒಂದು ಬಗೆಯ ಪಾಲಿಎಥಿಲೀನ್) ಸುಮಾರು 25 ಮೆಗಾಪಾಸ್ಕಲ್‌ಗೆ ಸೋಲುತ್ತದೆ, ಹಾಗಾಗಿ ನೇರ ಎಳೆತದಲ್ಲಿ 75 ನ್ಯೂಟನ್, ಅಂದರೆ ಏಳೂವರೆ ಕೆ.ಜಿ. ತೂಗುಹಾಕಿದಷ್ಟು. ಉಬ್ಬಿನಿಂದ ರಿಂಗ್ ಜಾರುವ ಬಲ ಇದರ ಕನಿಷ್ಠ ಎರಡು ಪಟ್ಟು ಇರಬೇಕು.

ಏಳೂವರೆ ಕೆ.ಜಿ. ಅಂದರೆ ವಯಸ್ಸಾದವರ ಕೈಗೆ ಭಾರವಲ್ಲವೇ ಅನ್ನಿಸಬಹುದು. ಅಲ್ಲ. ಥ್ರೆಡ್ ಒಂದು ಜಾಕ್ ಇದ್ದ ಹಾಗೆ. 2.7 ಮಿ.ಮೀ. ಪಿಚ್‌ನಲ್ಲಿ 75 ನ್ಯೂಟನ್ ಎಳೆಯಲು, ಉಜ್ಜಾಟವನ್ನೂ ಸೇರಿಸಿ, ಸುಮಾರು 0.23 ನ್ಯೂಟನ್ ಮೀಟರ್ ಸಾಕು; ಅದು 2 ಇಂಚ್-ಪೌಂಡ್ ಅಷ್ಟೇ. ಮುಚ್ಚಳ ತೆಗೆಯಲು ಕಷ್ಟವಾಗುತ್ತಿದ್ದರೆ ಕಾರಣ ಬಹುತೇಕ ಪ್ಲಗ್ (ಬಾಯಿಯೊಳಗೆ ಕೂತು ಸೀಲ್ ಮಾಡುವ ಮುಚ್ಚಳದ ಒಳ ಏಣು) ಬಿಗಿತ ಅಥವಾ ಕ್ಯಾಪಿಂಗ್ ಟಾರ್ಕ್ (ಮುಚ್ಚಳ ಬಿಗಿಯುವ ತಿರುಗು ಬಲ). ಆ ದೂರು ಬಂತೆಂದು ಬ್ರಿಡ್ಜ್ ತೆಳು ಮಾಡುವವರು ರೋಗ ಒಂದಾದರೆ ಮದ್ದು ಇನ್ನೊಂದು ಕೊಟ್ಟಂತೆ.

ಬ್ರಿಡ್ಜ್‌ಗಳಿಗೆ ಎಳೆತಕ್ಕಿಂತ ಮೊದಲು ಒತ್ತಡದ ಪರೀಕ್ಷೆ. ಕ್ಯಾಪ್ ಇಳಿಯುವಾಗ ರಿಂಗ್ ಅನ್ನು ಉಬ್ಬಿನ ಮೇಲಿಂದ ತಳ್ಳುವವರು ಯಾರು? ಬ್ರಿಡ್ಜ್‌ಗಳೇ ತಳ್ಳಿದರೆ ಬಾಗಿ ಹರಿಯುತ್ತವೆ. ಅದಕ್ಕೆ ಬ್ರಿಡ್ಜ್‌ಗಳ ನಡುನಡುವೆ ಪುಟ್ಟ ಗುಬುಟುಗಳನ್ನು ಕೊಡಿ. ಕ್ಯಾಪ್ ಗೋಡೆಗೂ ರಿಂಗ್‌ಗೂ ಇರುವ ಸಂದು 0.3 ಮಿ.ಮೀ. ಮುಚ್ಚಿದೊಡನೆ ಅವು ತಾಗಿ ಭಾರ ಹೊರಬೇಕು. ಡ್ರಾಯಿಂಗ್‌ನಲ್ಲಿ ಇದನ್ನು ಬಿಟ್ಟವರ ಲೈನ್‌ನಲ್ಲಿ ನೆಲದ ತುಂಬ ತುಂಡು ರಿಂಗ್‌ಗಳು.

ಹಂತ 4: ಡಿಗ್ರಿ ಲೆಕ್ಕ

ಇಲ್ಲಿ ಅವಸರ ಬೇಡ, ಕಾಗದ ಪೆನ್ನು ತೆಗೆದುಕೊಳ್ಳಿ. ಪಿಚ್ 2.7 ಆದರೆ ಒಂದು ಡಿಗ್ರಿ ತಿರುಗಿದಾಗ ಮುಚ್ಚಳ 0.0075 ಮಿ.ಮೀ. ಏಳುತ್ತದೆ. ಇನ್ನು ರಿಂಗ್ ಕಟ್ ಆಗಲು ಎಷ್ಟು ಏಳಬೇಕು? ಫ್ಲ್ಯಾಪ್ ತುದಿಗೂ ಉಬ್ಬಿನ ಕೆಳಮುಖಕ್ಕೂ ಇರುವ ಸಡಿಲ 0.4, ಫ್ಲ್ಯಾಪ್ ಬಾಗುವುದು 0.2, ಬ್ರಿಡ್ಜ್ ಹರಿಯುವ ಮೊದಲು ಹಿಗ್ಗುವುದು 0.5. ಒಟ್ಟು 1.1 ಮಿ.ಮೀ., ಅಂದರೆ 147 ಡಿಗ್ರಿ. ಒಳಗಿನ ಪ್ಲಗ್ ಬಾಯಿಯ ಗೋಡೆಯಿಂದ ಬಿಡಲು 1.6 ಮಿ.ಮೀ. ಏಳಬೇಕು ಅಂದರೆ 213 ಡಿಗ್ರಿ. ಅಂತರ 66 ಡಿಗ್ರಿ. ಸೊಗಸಾಗಿ ಕಾಣುತ್ತದೆ.

ಈಗ ಅದೇ ಲೆಕ್ಕವನ್ನು ಕೆಟ್ಟ ದಿನಕ್ಕೆ ಹಾಕಿ. ನೆಕ್ ಎತ್ತರ ಮತ್ತು ಕ್ಯಾಪ್ ಅಳತೆ ಎರಡೂ ತಮ್ಮ ಮಿತಿಯ ತುದಿಗೆ ಹೋಗಿ ಸಡಿಲ 0.3 ಹೆಚ್ಚಾಯಿತು, ರಿಂಗ್ ಕಟ್ ಆಗಲು 1.4. ಪ್ಲಗ್ 0.2 ಗಿಡ್ಡವಾಯಿತು, ಸೀಲ್ ಬಿಡಲೂ 1.4. ಎರಡೂ 187 ಡಿಗ್ರಿ. ಅಂತರ ಸೊನ್ನೆ! ಇನ್ನೊಂದು ಕೂದಲೆಳೆ ತಪ್ಪಿದರೆ ನೀರು ತೆಗೆದು, ಬೇರೆ ತುಂಬಿ, ಮತ್ತೆ ತಿರುಗಿಸಿಟ್ಟರೂ ರಿಂಗ್ ಅಖಂಡ. ಚಿತ್ರದುರ್ಗದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಸಾಕಾಗಿತ್ತು.

ಮೂಲ ಸಡಿಲವನ್ನು 0.4ರಿಂದ 0.2ಕ್ಕೆ ಇಳಿಸಿದರೆ ಕೆಟ್ಟ ದಿನದ ಕಟ್ 160 ಡಿಗ್ರಿಗೆ ಬರುತ್ತದೆ, 27 ಡಿಗ್ರಿ ಉಳಿಯುತ್ತದೆ. ಪೂರ್ತಿ ಸೊನ್ನೆಗೆ ಇಳಿಸಲು ಹೋಗಬೇಡಿ. ಆಗ ಎತ್ತರದ ನೆಕ್ ಬಂದ ದಿನ ಫ್ಲ್ಯಾಪ್ ಉಬ್ಬನ್ನು ದಾಟುವುದೇ ಇಲ್ಲ; ಮೇಲೆಯೇ ಒರಗಿ ನಿಲ್ಲುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಬ್ರಿಡ್ಜ್‌ನ ಹಿಗ್ಗುವಿಕೆ ಕಡಿಮೆ ಮಾಡುವುದು ಇದಕ್ಕಿಂತ ಒಳ್ಳೆಯ ದಾರಿ. ಬ್ರಿಡ್ಜ್ ಗಿಡ್ಡವಾಗಿರಲಿ, ಒಂದು ತುದಿಯಲ್ಲಿ ಚೂಪು ಕಚ್ಚು ಇರಲಿ. ಉದ್ದನೆಯ, ಸಮ ದಪ್ಪದ ಬ್ರಿಡ್ಜ್ ಚ್ಯೂಯಿಂಗ್ ಗಮ್ ಥರ ಎಳೆದುಕೊಂಡು ಹೋಗುತ್ತದೆ. ಕೆಟ್ಟ ಅಳತೆಯಲ್ಲೂ ಕನಿಷ್ಠ 30 ಡಿಗ್ರಿ ಉಳಿಸಿಕೊಳ್ಳುವುದು ನಮ್ಮ ಸಲಹೆ.

ಹಂತ 5: ಮಾಲು

ಒಂದೇ ತುಂಡಿನ ಕ್ಯಾಪ್‌ಗೆ ಎಚ್‌ಡಿಪಿಇ, ಕ್ಯಾಪ್ ದರ್ಜೆಯದು, ಸಾಂದ್ರತೆ 0.95ರ ಆಸುಪಾಸು. ಲೈನರ್ (ಒಳಗಿನ ಸೀಲ್ ಬಿಲ್ಲೆ) ಹಾಕುವ ಎರಡು ತುಂಡಿನ ಕ್ಯಾಪ್‌ಗೆ, ಬಿಸಿ ತುಂಬುವ ಸರಕಿಗೆ ಪಿಪಿ (ಪಾಲಿಪ್ರೊಪಿಲೀನ್). ಸಾಮಾನ್ಯ ಪಿಪಿ ಫ್ರಿಜ್‌ನ ತಂಪಿಗೆ ಪೆಡಸಾಗುತ್ತದೆ, ಬ್ರಿಡ್ಜ್‌ಗಳು ಸಾಗಾಟದಲ್ಲೇ ಉದುರಬಹುದು.

ಎಚ್‌ಡಿಪಿಇ ಅಚ್ಚಿನಿಂದ ಬಂದ ಮೇಲೆ 1.5ರಿಂದ 3 ಶೇಕಡಾ ಕುಗ್ಗುತ್ತದೆ. 28 ಮಿ.ಮೀ.ಗೆ 2 ಶೇಕಡಾ ಅಂದರೆ 0.56 ಮಿ.ಮೀ.; ಮೇಲಿನ ಲೆಕ್ಕದ ಮೂಲ ಸಡಿಲ 0.4ಕ್ಕಿಂತಲೂ ದೊಡ್ಡದು. ಅದಕ್ಕೇ ಮಾಲಿನ ದರ್ಜೆ ಗಟ್ಟಿಯಾಗುವ ಮೊದಲು ಡೈ ಸ್ಟೀಲ್ ಕೊರೆಯಬಾರದು. ಬಣ್ಣವೂ ಆಟ ಆಡುತ್ತದೆ. ನೀಲಿಯ ಥ್ಯಾಲೊಸಯನಿನ್ ಬಣ್ಣ ಎಚ್‌ಡಿಪಿಇ ಹರಳುಗಟ್ಟುವ ರೀತಿಯನ್ನೇ ಬದಲಿಸುತ್ತದೆ. ಬಿಳಿ ಕ್ಯಾಪ್‌ನಲ್ಲಿ ಪಾಸಾದ ಡೈ ನೀಲಿಯಲ್ಲಿ ಫೇಲಾದರೆ ಆಶ್ಚರ್ಯಪಡಬೇಡಿ. ಟ್ರಯಲ್ ಅನ್ನು ಮಾರುವ ಬಣ್ಣದಲ್ಲೇ ಮಾಡಿ.

ಜಾರುವಿಕೆಗೆ ಸೇರಿಸುವ ಸ್ಲಿಪ್ ಪುಡಿಯಲ್ಲೂ ಆಯ್ಕೆ ಇದೆ. ಎರುಕಮೈಡ್ ಅಗ್ಗ, ಆದರೆ ಬಿಸಿಲಿಗೆ ಉತ್ಕರ್ಷಣವಾಗಿ ನೀರಿಗೆ ವಾಸನೆ ಕೊಡಬಲ್ಲದು. ಕುಡಿಯುವ ನೀರಿಗೆ ಬೆಹೆನಮೈಡ್ ಕೇಳಿ. ಕಾಗದಪತ್ರದ ವಿಷಯಕ್ಕೆ: ಆಹಾರಕ್ಕೆ ತಾಗುವ ಪಾಲಿಎಥಿಲೀನ್‌ಗೆ ಭಾರತೀಯ ಮಾನಕ ಐಎಸ್ 10146, ಪಿಪಿಗೆ ಐಎಸ್ 10910, ಬಣ್ಣಗಳಿಗೆ ಐಎಸ್ 9833, ಮಾಲಿನಿಂದ ಆಹಾರಕ್ಕೆ ಇಳಿಯುವ ಅಂಶದ ಪರೀಕ್ಷೆಗೆ ಐಎಸ್ 9845, ನೀರಿನ ಬಾಟಲಿಗಳಿಗೆ ಐಎಸ್ 15410. ಮಾಲು ಕೊಡುವವರಿಂದ ಬ್ಯಾಚ್ ಪ್ರಕಾರ ಪ್ರಮಾಣಪತ್ರ ಪಡೆದು ಫೈಲ್ ಮಾಡಿ. ರೀಪ್ರೊಸೆಸ್ ಮಾಡಿದ ಅಗ್ಗದ ಗ್ರ್ಯಾನ್ಯೂಲ್ ಬೆರೆಸುವ ಮಾತೇ ಬೇಡ. ಶುದ್ಧತೆಯ ಪ್ರಶ್ನೆ ಒಂದು ಕಡೆ, ಬ್ರಿಡ್ಜ್ ಬಲ ದಿನಕ್ಕೊಂದು ಥರ ಆಗುವುದು ಇನ್ನೊಂದು ಕಡೆ.

ಹಂತ 6: ಡೈ ಮತ್ತು ಕತ್ತರಿ

ಪೂರ್ತಿ ಡೈಗೆ ಮುಂಚೆ ಒಂದೇ ಕ್ಯಾವಿಟಿಯ (ಕ್ಯಾಪ್ ಮೂಡುವ ಗುಳಿ) ಟ್ರಯಲ್ ಡೈ ಮಾಡಿಸಿ. ತ್ರೀಡಿ ಪ್ರಿಂಟ್ ಮಾದರಿ ಥ್ರೆಡ್ ಹೊಂದುತ್ತದೆಯೇ ನೋಡಲು ಸಾಕು, ಬ್ರಿಡ್ಜ್ ಬಗ್ಗೆ ಅದು ಏನೂ ಹೇಳಲಾರದು, ಯಾಕೆಂದರೆ ಪ್ರಿಂಟ್ ರಾಳ ಎಚ್‌ಡಿಪಿಇ ಥರ ಹಿಗ್ಗುವುದಿಲ್ಲ. ಟೂಲಿಂಗ್ ವಿಚಾರಿಸಲು ಹರಿಹರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಹತ್ತಿರ. ಮಾಲು, ಪರೀಕ್ಷೆ ವಿಷಯಕ್ಕೆ ಮೈಸೂರಿನ ಸಿಪೆಟ್ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ).

ಬ್ರಿಡ್ಜ್ ಅನ್ನು ಅಚ್ಚಿನಲ್ಲೇ ಮೂಡಿಸಬಹುದು, ಇಲ್ಲವೇ ಕ್ಯಾಪ್ ಪೂರ್ತಿ ಮಾಡಿ ಆಮೇಲೆ ಬ್ಲೇಡಿನಿಂದ ಸೀಳಬಹುದು. ಸೀಳುವ ದಾರಿಯಲ್ಲಿ ಬ್ಲೇಡಿನ ಕಚ್ಚುಗಳೇ ಬ್ರಿಡ್ಜ್‌ನ ಅಗಲ ತೀರ್ಮಾನಿಸುತ್ತವೆ, ಡೈ ಅಗ್ಗವಾಗುತ್ತದೆ, ಬ್ರಿಡ್ಜ್ ಬದಲಿಸಬೇಕಾದರೆ ಬ್ಲೇಡ್ ಬದಲಿಸಿದರಾಯಿತು. ಹೊಸದಾಗಿ ಶುರು ಮಾಡುವವರಿಗೆ ಇದೇ ವಾಸಿ. ಆದರೆ ಬಿಸಿ ಕ್ಯಾಪ್ ಸೀಳಬೇಡಿ, ನಾರು ಏಳುತ್ತದೆ. ಬ್ಲೇಡ್ ಮೊಂಡಾದರೂ ನಾರೇ. ಆ ನಾರು ಬಾಟಲಿಗೆ ಬಿದ್ದರೆ ಗ್ರಾಹಕರಿಗೆ ಅದು "ನೀರಲ್ಲಿ ಕಸ".

ಹಂತ 7: ಪರೀಕ್ಷೆ

ಕ್ಯಾಪ್‌ಗಳನ್ನು ಕನಿಷ್ಠ 24 ಗಂಟೆ ಬಿಟ್ಟು ಅಳೆಯಿರಿ, ಅಷ್ಟರಲ್ಲಿ ಕುಗ್ಗುವುದು ಬಹುಪಾಲು ಮುಗಿದಿರುತ್ತದೆ. 28 ಮಿ.ಮೀ.ಗೆ ಕ್ಯಾಪಿಂಗ್ ಟಾರ್ಕ್ 15–18 ಇಂಚ್-ಪೌಂಡ್‌ನಿಂದ ಶುರು ಮಾಡಿ ಹೊಂದಿಸಿ. ಒಂದು ಇಂಚ್-ಪೌಂಡ್ 0.113 ನ್ಯೂಟನ್ ಮೀಟರ್. ಕ್ಯಾಪ್ ಹಾಕಿದ ಮೇಲೂ 24 ಗಂಟೆ ಬಿಟ್ಟೇ ತೆಗೆಯುವ ಟಾರ್ಕ್ ನೋಡಿ.

ಡಿಗ್ರಿ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಮುಚ್ಚಳ ಮತ್ತು ಕಾಲರ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಕಾಲರ್ ಕೆಳಗೆ ಕೋನಮಾಪಕ ಅಂಟಿಸಿದ ರಟ್ಟು ಕೂರಿಸಿ. ನಿಧಾನಕ್ಕೆ ತಿರುಗಿಸುತ್ತ ಮೊದಲ ಬ್ರಿಡ್ಜ್ ಯಾವ ಡಿಗ್ರಿಯಲ್ಲಿ ಹರಿಯಿತು, ಕೊನೆಯದು ಯಾವುದರಲ್ಲಿ ಎಂದು ಬರೆದಿಡಿ. ಇನ್ನೊಂದು ಗುಂಪು ಬಾಟಲಿಯ ತಳಕ್ಕೆ ಕೊಳವೆ ಚುಚ್ಚಿ 0.2 ಬಾರ್ ಗಾಳಿ ಕೊಟ್ಟು, ಕುತ್ತಿಗೆಯನ್ನು ನೀರಲ್ಲಿ ಮುಳುಗಿಸಿ, ಮೊದಲ ಗುಳ್ಳೆ ಬಂದ ಡಿಗ್ರಿ ಬರೆದಿಡಿ. ಒಂದೊಂದಕ್ಕೂ 20 ಬಾಟಲಿ. ಮೊದಲ ಪಟ್ಟಿಯಲ್ಲಿ ಕೊನೆಯ ಬ್ರಿಡ್ಜ್‌ನ ಅತಿ ದೊಡ್ಡ ಸಂಖ್ಯೆ, ಎರಡನೆಯ ಪಟ್ಟಿಯ ಅತಿ ಸಣ್ಣ ಸಂಖ್ಯೆಗಿಂತ ಕೆಳಗಿರಬೇಕು. ಸರಾಸರಿ ಲೆಕ್ಕಕ್ಕಿಲ್ಲ, ಮೋಸ ಮಾಡುವವನಿಗೆ ಒಂದು ಬಾಟಲಿ ಸಾಕು.

ಇದನ್ನೇ 4, 27, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿ. ಹಿರಿಯೂರು, ಚಳ್ಳಕೆರೆ ಕಡೆ ಏಪ್ರಿಲ್ ಬಿಸಿಲಿಗೆ ಟಾರ್ಪಾಲು ಮುಚ್ಚಿ ನಿಂತ ಲಾರಿಯೊಳಗಿನ ಪೆಟ್ಟಿಗೆಗೆ 40 ಏನೂ ಹೆಚ್ಚಲ್ಲ. ಬಿಸಿಗೆ ಎಚ್‌ಡಿಪಿಇ ರಿಂಗ್ ಪೆಟ್ ಕುತ್ತಿಗೆಗಿಂತ ಹೆಚ್ಚು ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ. ಕೊನೆಗೆ ಕಳ್ಳನ ಪರೀಕ್ಷೆ: ಕುತ್ತಿಗೆಯನ್ನು 70 ಡಿಗ್ರಿ ನೀರಲ್ಲಿ ಎರಡು ನಿಮಿಷ ಅದ್ದಿ, ಬರಿಗೈಯಲ್ಲಿ ರಿಂಗ್ ಸಮೇತ ಎಬ್ಬಿಸಲು ನೋಡಿ. ಗುರುತು ಬೀಳದೆ ಬಂದರೆ ಹಂತ 3ಕ್ಕೆ ವಾಪಸ್.

ಎಣ್ಣೆ, ಕ್ಯಾನು, 20 ಲೀಟರ್ ಜಾರು

ಶೇಂಗಾ ಎಣ್ಣೆಯ ಬಾಟಲಿಯಲ್ಲಿ ಒತ್ತಡ ಇಲ್ಲ, ಆದರೆ ಎಣ್ಣೆ ಹರಿಯುವ ಕಡೆಯೆಲ್ಲ ಹರಿಯುತ್ತದೆ. ತುಂಬುವಾಗ ಥ್ರೆಡ್‌ಗೆ ತಾಗಿದರೆ ಉಜ್ಜಾಟ ಇಳಿದು, ಅದೇ ಟಾರ್ಕ್‌ನಲ್ಲಿ ಮುಚ್ಚಳ ಹೆಚ್ಚು ತಿರುಗಿ ರಿಂಗ್ ಜಜ್ಜಿಹೋಗುತ್ತದೆ. ನಾಜಲ್ ತೊಟ್ಟಿಕ್ಕುವುದನ್ನು ನಿಲ್ಲಿಸಿ, ಟಾರ್ಕ್ ತಗ್ಗಿಸುವುದು ಮದ್ದಲ್ಲ. ಒಂದು ಲೀಟರ್‌ವರೆಗೆ ಒತ್ತಿ ಕೂರಿಸುವ, ಮತ್ತೆ ಬಾರದ ಮುಚ್ಚಳವೇ ಲೇಸು: ಒಳಗೆ ಎಳೆದು ಹರಿಯುವ ಉಂಗುರದ ಪರದೆ, ಮೇಲೆ ಮಡಚುವ ಟೋಪಿ. ಪರದೆಯ ಹರಿಯುವ ಗೆರೆ 0.2–0.3 ಮಿ.ಮೀ. ಇರಲಿ, ದಪ್ಪವಾದರೆ ಉಂಗುರ ಕೈಗೆ, ಪರದೆ ಅಲ್ಲೇ.

5, 15 ಲೀಟರ್ ಎಚ್‌ಡಿಪಿಇ ಕ್ಯಾನುಗಳ ಕುತ್ತಿಗೆ ಊದಿ ಮಾಡಿದ್ದು, ಅಳತೆ ಪೆಟ್‌ನಷ್ಟು ನಿಖರ ಬರುವುದಿಲ್ಲ. ಮೇಲಿನ ಡಿಗ್ರಿ ಲೆಕ್ಕ ಅಲ್ಲಿ ನಿಲ್ಲದು. ಕುತ್ತಿಗೆಯಲ್ಲೂ ರಿಂಗ್‌ನಲ್ಲೂ ಒಂದೇ ದಿಕ್ಕಿಗೆ ಜಾರುವ ಹಲ್ಲುಗಳನ್ನು ಕೊಡಿ. ತೆಗೆಯುವಾಗ ಹಲ್ಲು ಕಚ್ಚಿ ಬ್ರಿಡ್ಜ್ ಪಕ್ಕಕ್ಕೆ ಹರಿಯುತ್ತದೆ, ಮುಚ್ಚಳ ಏಳುವವರೆಗೆ ಕಾಯುವುದಿಲ್ಲ. 20 ಲೀಟರ್ ಜಾರಿನ 55 ಮಿ.ಮೀ. ಒತ್ತು ಮುಚ್ಚಳಕ್ಕೆ ಹರಿಯುವ ಪಟ್ಟಿಯ ಜೊತೆ ಶ್ರಿಂಕ್ ತೋಳು (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಹೊದಿಕೆ) ಹಾಕುವುದು ರೂಢಿ. ಪೆಟ್ ಬಾಟಲಿಗೆ ಮಾತ್ರ ಪಿವಿಸಿ ತೋಳು ಬೇಡ: ಎಚ್‌ಡಿಪಿಇ ತೇಲುತ್ತದೆ, ಪೆಟ್ ಮುಳುಗುತ್ತದೆ, ಪಿವಿಸಿಯೂ ಪೆಟ್ ಜೊತೆ ಮುಳುಗಿ ಮರುಬಳಕೆಯ ಮಾಲನ್ನೆಲ್ಲ ಕೆಡಿಸುತ್ತದೆ.

ಲೈನ್‌ನಲ್ಲಿ ಕೆಟ್ಟಾಗ

ಕ್ಯಾಪ್ ಹಾಕುವಾಗಲೇ ರಿಂಗ್ ಒಡೆದರೆ ಕ್ರಮವಾಗಿ ನೋಡಿ: ಚಕ್ (ಮುಚ್ಚಳ ಹಿಡಿದು ತಿರುಗಿಸುವ ಯಂತ್ರದ ತಲೆ) ನೆಟ್ಟಗೆ ಇಳಿಯುತ್ತಿದೆಯೇ, ಗುಬುಟುಗಳು ಪೂರ್ತಿ ತುಂಬಿವೆಯೇ, ಬ್ರಿಡ್ಜ್‌ನ ಒಂದು ಬದಿ ತೆಳುವೇ. ರಿಂಗ್ ಸಮೇತ ಮುಚ್ಚಳ ಬಂದರೆ ಮೊದಲು ಫ್ಲ್ಯಾಪ್ ಮಡಚಿದೆಯೇ ನೋಡಿ. ಮಡಚುವ ಯಂತ್ರ ಒಂದು ಕ್ಯಾಪ್ ಬಿಟ್ಟರೂ ಲೈನ್‌ಗೆ ಅದು ಗೊತ್ತಾಗುವುದಿಲ್ಲ. ಬ್ರಿಡ್ಜ್ ಹರಿಯದೆ ಬಿಳಿಚಿಕೊಂಡು ಎಳೆದುಕೊಂಡರೆ ಬ್ಲೇಡ್ ಕಚ್ಚು ಸವೆದಿದೆ, ಇಲ್ಲವೇ ಮಾಲಿನ ದರ್ಜೆ ಬದಲಾಗಿದೆ.

ಕೆಟ್ಟ ಕ್ಯಾಪ್ ಎಸೆಯುವ ಮೊದಲು ಅದರ ಒಳಮೇಲ್ಮೈಯ ಕ್ಯಾವಿಟಿ ಸಂಖ್ಯೆ ಓದಿ. ಸಂಖ್ಯೆ ಇಲ್ಲದ ಡೈಯನ್ನು ಮೊದಲೇ ಒಪ್ಪಬೇಡಿ. ಇಪ್ಪತ್ತು ಕೆಟ್ಟ ಕ್ಯಾಪ್‌ಗಳಲ್ಲಿ ಹದಿನೆಂಟು ಒಂದೇ ಸಂಖ್ಯೆಯವಾದರೆ ಆ ಕ್ಯಾವಿಟಿಯೊಂದನ್ನು ಬಂದ್ ಮಾಡಿ ಉಳಿದವನ್ನು ಓಡಿಸಿ. ಸಂಖ್ಯೆಗಳು ಚದುರಿದ್ದರೆ ತಪ್ಪು ಡೈಯಲ್ಲಿಲ್ಲ, ಬ್ಲೇಡಿನಲ್ಲೋ ಮಾಲಿನಲ್ಲೋ ಇದೆ. ಟ್ರಯಲ್ ಪಾಸಾದ ದಿನವೇ ಪ್ರತಿ ಕ್ಯಾವಿಟಿಯ 50 ಕ್ಯಾಪ್‌ಗಳನ್ನು, ಅದೇ ಲೋಡಿನ 50 ಪ್ರಿಫಾರ್ಮ್‌ಗಳ ಜೊತೆ, ತಾರೀಕು ಬರೆದ ಕವರಿನಲ್ಲಿ ಬೀರುವಿಗೆ ಹಾಕಿಡಿ. ಆರು ತಿಂಗಳ ಮೇಲೆ ಕ್ಯಾಪ್‌ನವರು ಪ್ರಿಫಾರ್ಮ್‌ನವರ ಮೇಲೆ, ಪ್ರಿಫಾರ್ಮ್‌ನವರು ಕ್ಯಾಪ್‌ನವರ ಮೇಲೆ ಹಾಕಿದಾಗ ಆ ಕವರ್ ತೆಗೆಯಿರಿ. ಹಳೆ ಕ್ಯಾಪ್ ಹೊಸ ನೆಕ್‌ಗೆ, ಹೊಸ ಕ್ಯಾಪ್ ಹಳೆ ನೆಕ್‌ಗೆ ಹಾಕಿ ಡಿಗ್ರಿ ಅಳೆದರೆ ಯಾವುದು ಬದಲಾಗಿದೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.